ಮಗುವಿನ ಕಡೆಯವಳು

ಆರ್ಡಿಸ್ ಕ್ವಾಮ್ ಬರುವ ಶನಿವಾರ ಟ್ರೀನಾ ಬೇಗ ಎದ್ದು ನಿಂಬೆ ಕೇಕ್ ಬೇಯಿಸಿದಳು. ಆರುವ ಮೊದಲೇ ಅದನ್ನು ಚೌಕಚೌಕವಾಗಿ ಕತ್ತರಿಸಿ, ಅಂಚು ಮುರಿದವನ್ನು ತಾನೇ ಬಾಯಿಗೆ ಹಾಕಿಕೊಂಡು, ನೆಟ್ಟಗಿದ್ದವನ್ನು ಒಳ್ಳೆಯ ತಟ್ಟೆಗೆ ಜೋಡಿಸಿದಳು. ಉತ್ತರ ವಿಸ್ಕಾನ್ಸಿನ್ನಿನ ನಮ್ಮ ಲಿಂಡ್‌ಹೋಮ್‌ನಂಥ ಊರಲ್ಲಿ, ಮನೆಗೆ ಬಂದವರಿಗೆ ಕಾಫಿ ಕೊಟ್ಟು ಅದರ ಪಕ್ಕಕ್ಕೆ ತಿನ್ನಲು ಏನೂ ಇಡದಿದ್ದರೆ ಆ ಮನೆಯ ಹೆಂಗಸಿನ ಹೆಸರು ಕೆರೆಯ ಆಚೆ ದಡದವರೆಗೂ ಹೋಗುತ್ತದೆ. ಬಂದವರು ತಿಂದರೋ, ಅವರು ನಮ್ಮವರು. ಎರಡನೇ ಚೂರು ಕೈಗೆತ್ತಿಕೊಂಡರೋ, ಮನೆಯ ಮಾತೆಲ್ಲ ಅವರ ಮುಂದೆ ಬಿಚ್ಚಿಡಬಹುದು. ಹೀಗಂತ ಎಲ್ಲೂ ಬರೆದಿಲ್ಲ, ಆದರೆ ಇಲ್ಲಿ ಬೆಳೆದವರಿಗೆ ಬೇರೆ ಥರ ಯೋಚಿಸಲು ಬರುವುದಿಲ್ಲ.

ಆರ್ಡಿಸ್ ಬರುತ್ತಿದ್ದದ್ದು ಕೋರ್ಟಿನ ಕಡೆಯಿಂದ. ಟ್ರೀನಾ ಮತ್ತು ಕರ್ಟ್ ಬೇರೆಯಾಗಿ ಎರಡು ವರ್ಷವಾಗಿತ್ತು. ಒಂಬತ್ತು ವರ್ಷದ ಮಗಳು ಮಾರೆನ್ ತಾಯಿಯ ಹತ್ತಿರ ಇರುವುದು, ಎರಡು ವಾರಕ್ಕೊಮ್ಮೆ ಶುಕ್ರವಾರದಿಂದ ಭಾನುವಾರದವರೆಗೆ ತಂದೆಯ ಮನೆಗೆ ಹೋಗುವುದು ಎಂದು ಆಗ ತೀರ್ಮಾನವಾಗಿತ್ತು. ಈ ವರ್ಷ ಚಳಿಗಾಲ ಮುಗಿಯುವ ಹೊತ್ತಿಗೆ ಟ್ರೀನಾ ಮತ್ತೆ ಕೋರ್ಟಿನ ಮೆಟ್ಟಿಲು ಹತ್ತಿ, ಮಗಳು ಆ ಮನೆಯಲ್ಲಿ ರಾತ್ರಿ ಉಳಿಯುವುದೇ ಬೇಡ ಎಂದು ಕೇಳಿದಳು. ಕರ್ಟ್ ಬಿಟ್ಟಾನೆಯೇ? ಹಾಗಿದ್ದರೆ ನನಗೆ ಅರ್ಧಕ್ಕರ್ಧ ದಿನ ಬೇಕು ಎಂದು ಎದುರು ನಿಂತ. ನ್ಯಾಯಾಧೀಶರು ಇಬ್ಬರ ವಕೀಲರನ್ನೂ ಕೇಳಿದರು, ತಲೆ ಆಡಿಸಿದರು, ಕೊನೆಗೆ ಮೂರನೇ ವಕೀಲೆಯೊಬ್ಬಳನ್ನು ನೇಮಿಸಿದರು. ತಾಯಿಗೂ ಅಲ್ಲ, ತಂದೆಗೂ ಅಲ್ಲ, ಮಾರೆನ್‌ಗೆ.

ಅರವತ್ತರ ಆಸುಪಾಸಿನ ಆರ್ಡಿಸ್ ಬಾಗಿಲಲ್ಲೇ ಬೂಟು ಬಿಚ್ಚಿಟ್ಟು ಕಾಲುಚೀಲದಲ್ಲೇ ಅಡುಗೆಮನೆಗೆ ಬಂದಳು. ಎಡಗಾಲಿನ ಚೀಲ ಹೆಬ್ಬೆರಳ ಹತ್ತಿರ ತೂತಾಗಿತ್ತು. ಅದನ್ನು ನೋಡಿದ ಕೂಡಲೇ ಟ್ರೀನಾಗೆ ಆಕೆ ಇಷ್ಟವಾಗಿಬಿಟ್ಟಳು.

"ಮೊದಲೇ ಒಂದು ಮಾತು ಹೇಳ್ಬಿಡ್ತೀನಿ, ಟ್ರೀನಾ," ಎಂದಳು ಆರ್ಡಿಸ್ ಕೂರುತ್ತ. "ನಾನು ನಿಮ್ಮ ವಕೀಲೆ ಅಲ್ಲ. ನೀವು ಇಲ್ಲಿ ಹೇಳಿದ್ದು ಇಲ್ಲೇ ಉಳಿಯುತ್ತೆ ಅಂತ ತಿಳ್ಕೋಬೇಡಿ. ಕೋರ್ಟಲ್ಲಿ ಹೇಳ್ಬೇಕಾಗಿ ಬಂದ್ರೆ ಹೇಳ್ತೀನಿ. ನಾನು ಮಾರೆನ್ ಕಡೆಯವಳು."

"ಅಯ್ಯೋ, ನಾನೂ ಮಾರೆನ್ ಕಡೆಯವಳೇ ಅಲ್ವಾ! ಹಾಲು ಹಾಕ್ಲಾ, ಕರೀ ಕಾಫೀನಾ?"

"ಕರೀದೇ ಸಾಕು."

ಆ ಎಚ್ಚರಿಕೆಯ ಮಾತು ಔಷಧಿ ಬಾಟಲಿಯ ಮೇಲಿನ ಸಣ್ಣ ಅಕ್ಷರದ ಹಾಗೆ. ಇರಲೇಬೇಕು, ಇದೆ, ಯಾರು ಓದುತ್ತಾರೆ? ಆರ್ಡಿಸ್ ಒಂದು ಚೂರು ತಿಂದಳು, ಕಣ್ಣು ಮುಚ್ಚಿ "ಆಹಾ" ಎಂದಳು. ಎರಡನೆಯದಕ್ಕೆ ಕೈ ಹಾಕಿದಳು. ಟ್ರೀನಾಗೆ ಅಷ್ಟು ಸಾಕಾಯಿತು. ಎದುರಿನ ಕುರ್ಚಿ ಎಳೆದುಕೊಂಡು ಫೆಬ್ರವರಿಯ ಕಥೆ ಶುರುಮಾಡಿದಳು.

ಕೆರೆ ಹೆಪ್ಪುಗಟ್ಟಿದ ಮೇಲೆ ನಮ್ಮ ಕಡೆ ಗಂಡಸರು ಮರದ ಪುಟ್ಟ ಗುಡಿಸಲುಗಳನ್ನು ಮಂಜಿನ ಮೇಲೆ ಎಳೆದು ನಿಲ್ಲಿಸಿ, ಕಾಲ ಕೆಳಗಿನ ಮಂಜುಗಡ್ಡೆಗೆ ತೂತು ಕೊರೆದು, ಮೀನು ಹಿಡಿಯುತ್ತ ದಿನಗಟ್ಟಲೆ ಕೂರುತ್ತಾರೆ. ಕರ್ಟ್ ಮಗಳನ್ನು ಅಲ್ಲಿಗೆ ಕರೆದುಕೊಂಡು ಹೋಗಿ, ಅವಳೊಬ್ಬಳನ್ನೇ ಗುಡಿಸಲೊಳಗೆ ಬಿಟ್ಟು, ತಾನು ಗೆಳೆಯರ ಗುಡಿಸಲಿಗೆ ಬಿಯರ್ ಕುಡಿಯಲು ಹೋದನಂತೆ. ಕತ್ತಲಾಗುತ್ತ ಬಂತಂತೆ. ಕಾಲ ಕೆಳಗೆ ಮಂಜು ಬಿರುಕು ಬಿಡುವ ಸದ್ದು ಕೇಳಿಸಿತಂತೆ.

"ನಿಮಗೆ ಯಾರು ಹೇಳಿದ್ದು?"

"ಮಾರೆನ್ನೇ! ನನ್ನ ಮಗಳು ನನ್ನ ಹತ್ರ ಏನೂ ಮುಚ್ಚಿಡಲ್ಲ, ಆರ್ಡಿಸ್. ಅಲ್ಲಿಂದ ಕರ್ಕೊಂಡು ಬರೋ ಭಾನುವಾರ ದಾರೀಲಿ ಕಸ್ಟರ್ಡ್ ಐಸ್‌ಕ್ರೀಮ್ ಅಂಗಡಿ ಹತ್ರ ನಿಲ್ಲಿಸ್ತೀವಿ. ಅದು ನಮ್ಮಿಬ್ಬರ ಹೊತ್ತು. ಅವಳು ತಿಂತಾ ತಿಂತಾ ಎಲ್ಲ ಹೇಳ್ತಾಳೆ."

"ತಾನಾಗೇ ಹೇಳ್ತಾಳಾ?"

"ನಾನು ಕೇಳ್ತೀನಿ, ಅವಳು ಹೇಳ್ತಾಳೆ. ತಾಯಿ ಆದವಳು ಕೇಳದೆ ಇರೋಕಾಗುತ್ತಾ? ಏನು ತಿಂದೆ, ಅಪ್ಪ ಎಷ್ಟು ಕುಡಿದ, ಆ ಹೊಸ ಗೆಳತಿ ಬಂದಿದ್ಲಾ, ರಾತ್ರಿ ಉಳಿದ್ಲಾ, ನನ್ನ ಬಗ್ಗೆ ಯಾರು ಏನಂದ್ರು..."

"ಅವಳು ನಿಮ್ಮನ್ನ ಏನು ಕೇಳ್ತಾಳೆ?"

"ಹಾಂ?"

"ಮಾರೆನ್. ಅವಳು ನಿಮ್ಮನ್ನ ಏನೇನು ಕೇಳ್ತಾಳೆ?"

ಟ್ರೀನಾ ಯೋಚಿಸಿದಳು. ನೆನಪಾಗಲಿಲ್ಲ. "ಇನ್ನೊಂದು ಚೂರು ತಗೊಳ್ಳಿ," ಎಂದಳು.

ಆಮೇಲೆ ಆರ್ಡಿಸ್ ಮತ್ತು ಮಾರೆನ್ ಇಬ್ಬರೇ ಕೆರೆಯ ಕಟ್ಟೆಯವರೆಗೆ ನಡೆದು ಹೋದರು. ಟ್ರೀನಾ ಕಿಟಕಿಯಿಂದ ನೋಡುತ್ತ ನಿಂತಳು. ಅವರು ಏನೂ ಮಾತಾಡುತ್ತಿರುವ ಹಾಗೆ ಕಾಣಲಿಲ್ಲ. ನೀರಿಗೆ ಕಲ್ಲೆಸೆಯುತ್ತಿದ್ದರು. ಬಹಳ ಹೊತ್ತು ಎಸೆದರು. ಈ ಹೆಂಗಸು ಕೋರ್ಟಿನ ಹೊತ್ತನ್ನು ಹೀಗೆ ಕಲ್ಲೆಸೆದು ಕಳೆಯುತ್ತಾಳಲ್ಲ ಎಂದು ಅವಳಿಗೆ ನಗು ಬಂತು. ಒಳ್ಳೆಯವಳು, ನಮ್ಮವಳು ಎಂದುಕೊಂಡಳು.

* * *

ಟ್ರೀನಾ ಕೆರೆದಂಡೆಯ ಹೋಟೆಲಿನಲ್ಲಿ ಊಟ ಬಡಿಸುವ ಕೆಲಸದಲ್ಲಿದ್ದಳು. ಶುಕ್ರವಾರ ಸಂಜೆಯೆಂದರೆ ಅಲ್ಲಿ ಉಸಿರಾಡಲು ಬಿಡುವಿಲ್ಲ. ಸುತ್ತಲಿನ ಊರವರೆಲ್ಲ ಕರಿದ ಮೀನು ತಿನ್ನಲು ಬರುತ್ತಾರೆ, ಜಾಗ ಸಿಗುವವರೆಗೆ ಬ್ರಾಂಡಿ ಹಿಡಿದು ನಿಂತು ಊರ ಸುದ್ದಿ ಹಂಚುತ್ತಾರೆ. ಅಡುಗೆಯವನು ಎಲ್‌ರಾಯ್, ಎಪ್ಪತ್ತು ದಾಟಿದ ಮುದುಕ, ಎಣ್ಣೆಯ ಬಾಣಲೆಗೂ ಬೈಯುವವನು.

"ಆರ್ಡಿಸ್ ನಮ್ಮ ಕಡೆ ಇದ್ದಾಳೆ, ಎಲ್‌ರಾಯ್," ಎಂದಳು ಟ್ರೀನಾ ತಟ್ಟೆಗಳನ್ನು ಕೈಮೇಲೆ ಸಾಲಾಗಿ ಏರಿಸಿಕೊಳ್ಳುತ್ತ. "ನಾಲ್ಕು ಚೂರು ಕೇಕ್ ತಿಂದ್ಲು. ಹೋಗೋವಾಗ ನನ್ನ ಕೈ ಹಿಡ್ಕೊಂಡು ಒತ್ತಿದ್ಲು."

"ನಮ್ಮ ನಾಯಿ ಎಂಟು ತಿನ್ನುತ್ತೆ ಕಣಮ್ಮ. ಅದೂ ನಿನ್ನ ಕಡೆನೇ ಅನ್ಕೋ."

"ನಿಮಗೆ ಎಲ್ಲದರಲ್ಲೂ ಹುಳುಕು."

"ಹುಳುಕಲ್ಲ ತಾಯಿ. ಆ ಹೆಂಗಸನ್ನ ನಾನು ಚಿಕ್ಕವಳಿದ್ದಾಗಿಂದ ನೋಡಿದೀನಿ. ಅವಳು ಎಲ್ಲರ ಮನೇಲೂ ತಿಂತಾಳೆ. ಕರ್ಟ್‌ನ ಅಮ್ಮನ ಮನೇಲಿ ಸೇಬಿನ ಪೈ ತಿಂದಿರಲ್ಲ ಅಂತ ಏನು ಗ್ಯಾರಂಟಿ? ಏ, ಆ ಮೂರನೇ ಟೇಬಲ್ಲಿನ ಮೀನು ತಣ್ಣಗಾಗ್ತಿದೆ, ಓಡು!"

ಟ್ರೀನಾ ಓಡಿದಳು. ಕರ್ಟ್‌ನ ಅಮ್ಮನ ಪೈ ಒಣಕಲು ಎಂಬುದು ಊರಿಗೇ ಗೊತ್ತಿರುವ ವಿಷಯ ಎಂದು ಸಮಾಧಾನ ಮಾಡಿಕೊಂಡಳು.

ಮೇ ತಿಂಗಳ ಒಂದು ಭಾನುವಾರ ಎಂದಿನಂತೆ ಹೆದ್ದಾರಿಯ ಪೆಟ್ರೋಲ್ ಬಂಕಿನ ಹತ್ತಿರ ಕರ್ಟ್‌ನ ಟ್ರಕ್ ಬಂದು ನಿಂತಿತು. ಅವನು ಹಾಲಿನ ಟ್ಯಾಂಕರ್ ಓಡಿಸುವವನು. ಹೆಚ್ಚು ಮಾತಿಲ್ಲ, ಸಿಟ್ಟು ಬಂದರೆ ಅಷ್ಟೂ ಇಲ್ಲ. ಮಗಳ ಚೀಲ ಇಳಿಸಿ, ಟ್ರೀನಾ ಕಡೆ ಬರ್ತೀನಿ ಎನ್ನುವ ಹಾಗೆ ಗದ್ದ ಎತ್ತಿ, ಹೊರಟುಹೋದ. ಐಸ್‌ಕ್ರೀಮ್ ಅಂಗಡಿಯ ಮುಂದೆ ಕಾರು ನಿಲ್ಲಿಸಿ ಟ್ರೀನಾ ಸೀಟಿನಲ್ಲೇ ಪಕ್ಕಕ್ಕೆ ತಿರುಗಿ ಕೂತಳು.

"ಹೂಂ, ಹೇಳು ಬಂಗಾರ. ಹೇಗಿತ್ತು?"

"ಚೆನ್ನಾಗಿತ್ತು."

"ಚೆನ್ನಾಗಿತ್ತು ಅಂದ್ರೆ? ಏನಾಯ್ತು?"

"ಏನೂ ಆಗ್ಲಿಲ್ಲ."

"ಏನೂ ಆಗ್ಲಿಲ್ವಾ?" ಟ್ರೀನಾಳ ದನಿ ಸ್ವಲ್ಪ ಇಳಿಯಿತು. ಕಿಟಕಿಯ ಕಡೆ ನೋಡಿದಳು.

ಮಾರೆನ್ ಅಮ್ಮನ ಮುಖವನ್ನೇ ನೋಡುತ್ತ ಚಮಚವನ್ನು ಬಟ್ಟಲಲ್ಲಿ ಒಂದು ಸುತ್ತು ತಿರುಗಿಸಿದಳು. "ಅಪ್ಪ ಬೆಳಗ್ಗೆ ಏಳಲೇ ಇಲ್ಲ," ಎಂದಳು.

"ಏಳಲಿಲ್ವಾ? ಎಷ್ಟು ಹೊತ್ತಿನವರೆಗೆ? ಹಾಗಾದ್ರೆ ನೀನು ಏನು ತಿಂದೆ? ರಾತ್ರಿ ಕುಡಿದಿದ್ನಾ?"

"ಹೂಂ... ಕುಡಿದಿರಬೇಕು."

"ಅಯ್ಯೋ ನನ್ನ ಕಂದ!" ಟ್ರೀನಾ ಬಾಗಿ ಮಗಳನ್ನು ಎದೆಗೆ ಒತ್ತಿಕೊಂಡಳು. ಮಾರೆನ್ ಅಮ್ಮನ ಭುಜದ ಮೇಲಿಂದ ಕರಗುತ್ತಿದ್ದ ಐಸ್‌ಕ್ರೀಮನ್ನು ನೋಡುತ್ತಿದ್ದಳು. ಅರ್ಧ ಹಾಗೆಯೇ ಉಳಿಯಿತು. ಪ್ರತಿ ಸಲವೂ ಉಳಿಯುತ್ತಿತ್ತು.

* * *

ಜೂನ್ ತಿಂಗಳಲ್ಲಿ ಕೌಂಟಿ ಕೋರ್ಟಿನಲ್ಲಿ ವಿಚಾರಣೆ. ಟ್ರೀನಾ ತನ್ನ ವಕೀಲ ಟೆಸ್ಮರ್ ಪಕ್ಕದಲ್ಲಿ ಕೂತಿದ್ದಳು. ಆರ್ಡಿಸ್ ಒಳಗೆ ಬಂದಾಗ ಕೈಯೆತ್ತಿದಳು. ಆರ್ಡಿಸ್ ತಲೆಯಾಡಿಸಿ, ಮಧ್ಯದ ಮೇಜಿಗೆ ಹೋಗಿ ಒಬ್ಬಳೇ ಕೂತಳು.

ನ್ಯಾಯಾಧೀಶರು ಕೇಳಿದಾಗ ಎದ್ದು ನಿಂತಳು. ಅಡುಗೆಮನೆಯಲ್ಲಿ ಮಾತಾಡಿದ್ದ ದನಿಯಲ್ಲೇ ಮಾತಾಡಿದಳು. ಟ್ರೀನಾಗೆ ಎಲ್ಲಕ್ಕಿಂತ ಚುಚ್ಚಿದ್ದು ಅದೇ ಇರಬೇಕು.

"ಫೆಬ್ರವರಿಯಲ್ಲಿ ಮಗುವನ್ನು ಮೀನಿನ ಗುಡಿಸಲಲ್ಲಿ ಒಂಟಿಯಾಗಿ ಬಿಟ್ಟುಹೋದರು ಎಂಬ ಸಂಗತಿ ನಡೆದಿಲ್ಲ. ಆ ದಿನ ಮಂಜಿನ ಮೇಲೆ ಇದ್ದವರನ್ನೆಲ್ಲ ನಾನು ಹುಡುಕಿ ಕೇಳಿದ್ದೇನೆ. ತಂದೆ ಮಗಳ ಪಕ್ಕದಿಂದ ಎದ್ದಿರಲಿಲ್ಲ. ಮಾರೆನ್ ಕೂಡ ನನಗೆ ಹಾಗೆಯೇ ಹೇಳಿದ್ದಾಳೆ. ಮಗು ಸುಳ್ಳುಗಾತಿ ಎಂದು ದಯವಿಟ್ಟು ಯಾರೂ ತಿಳಿಯಬಾರದು. ತಂದೆಯ ಮನೆಯಿಂದ ಬರುವ ಪ್ರತಿ ಭಾನುವಾರ ಅವಳನ್ನು ಕೂರಿಸಿಕೊಂಡು ವಿಚಾರಿಸಲಾಗುತ್ತದೆ. ಇದನ್ನು ತಾಯಿಯೇ ತಮ್ಮ ಅಡುಗೆಮನೆಯಲ್ಲಿ ನನಗೆ ಹೇಳಿದರು. ಆ ದಿನ ಬೆಳಗ್ಗೆಯಿಂದಲೇ ತನಗೆ ಹೊಟ್ಟೆನೋವು ಶುರುವಾಗುತ್ತದೆ ಎಂದು ಮಗು ಹೇಳುತ್ತಾಳೆ."

ತಮ್ಮ ಅಡುಗೆಮನೆಯಲ್ಲಿ. ಅಲ್ಲಿಂದ ಮುಂದೆ ಟ್ರೀನಾಗೆ ಏನೂ ಕೇಳಿಸಲಿಲ್ಲ. ಕಿವಿಯಲ್ಲಿ ಹೊಳೆ ಹರಿಯುತ್ತಿತ್ತು. ಆರ್ಡಿಸ್ ಕರ್ಟ್‌ನ ಮೇಜಿನ ಕಡೆ ತಿರುಗಿ ಇನ್ನೂ ಏನೋ ಹೇಳಿದ್ದು, ಕರ್ಟ್ ತಲೆ ತಗ್ಗಿಸಿದ್ದು ಕಣ್ಣಿಗೆ ಕಂಡಿತು, ಅಷ್ಟೇ. ಕೊನೆಯ ಮಾತು ಮಾತ್ರ ಹೇಗೋ ಒಳಗೆ ಬಂತು: ಒಂದು ವಾರ ಇಲ್ಲಿ, ಒಂದು ವಾರ ಅಲ್ಲಿ, ಎರಡೂ ಮನೆಯಲ್ಲಿ ಯಾರೂ ಮಗುವನ್ನು ವಿಚಾರಿಸಬಾರದು.

ಇಬ್ಬರೂ ಒಪ್ಪಿದರೆ ಹಾಗೆಯೇ ಆದೇಶ ಮಾಡುವುದಾಗಿ, ಒಪ್ಪದಿದ್ದರೆ ಜುಲೈನಲ್ಲಿ ಮತ್ತೆ ಕೇಳುವುದಾಗಿ ಹೇಳಿ ನ್ಯಾಯಾಧೀಶರು ಎದ್ದರು.

ಟ್ರೀನಾ ಹೊರಗಿನ ಪಡಸಾಲೆಯಲ್ಲಿ ಆರ್ಡಿಸ್‌ಗೆ ಅಡ್ಡ ನಿಂತಳು.

"ನನ್ನ ಮನೇಲಿ ಕೂತು ತಿಂದ್ರಿ ನೀವು."

"ತಿಂದೆ."

"ನನ್ನ ಕೈ ಹಿಡ್ಕೊಂಡ್ರಿ. ನನ್ನ ಎದೇಲಿದ್ದಿದ್ದೆಲ್ಲ ನಿಮ್ಮ ಮುಂದೆ ಸುರಿದೆ. ಅದನ್ನೇ ಎತ್ಕೊಂಡು ಬಂದು ಅವನ ಮುಂದೆ, ಊರೋರ ಮುಂದೆ ನನ್ನ ಮುಖಕ್ಕೆ ಎರಚಿದ್ರಲ್ಲ!"

"ಮೊದಲನೇ ದಿನವೇ ಹೇಳಿದ್ದೆ, ಟ್ರೀನಾ."

"ಎಲ್ಲರೂ ಹೇಳ್ತಾರೆ ಹಾಗೆ! ಹಾಗಂತ ನಿಜವಾಗ್ಲೂ ಹೋಗಿ ಹೇಳ್ಬಿಡೋದಾ?"

ಆರ್ಡಿಸ್ ಚೀಲವನ್ನು ಒಂದು ಭುಜದಿಂದ ಇನ್ನೊಂದಕ್ಕೆ ಬದಲಿಸಿದಳು. "ಜನ ತಿನ್ನೋರ ಮುಂದೆ ಮನಸ್ಸು ಬಿಚ್ಚಿ ಮಾತಾಡ್ತಾರೆ. ಅದು ನನಗೆ ಗೊತ್ತು. ಗೊತ್ತಿದ್ದೇ ತಿಂದೆ. ಅದಕ್ಕೆ ನೀವು ಸಿಟ್ಟು ಮಾಡ್ಕೊಂಡ್ರೆ ನಾನು ಬೇಡ ಅನ್ನಲ್ಲ."

"ನಾಚಿಕೆ ಆಗಲ್ವಾ ನಿಮಗೆ?"

"ಸ್ವಲ್ಪ ಆಗುತ್ತೆ." ಆರ್ಡಿಸ್ ಕಣ್ಣು ತಪ್ಪಿಸಲಿಲ್ಲ. "ಆದ್ರೆ ಆ ಹುಡುಗಿಯ ಹೊಟ್ಟೆನೋವಿನ ಮುಂದೆ ನನ್ನ ನಾಚಿಕೆ ಏನು ಮಹಾ. ನಾನು ನಿಮಗೆ ಬೇಕಾದವಳಾಗೋಕೆ ಬಂದಿರಲಿಲ್ಲ. ಕರ್ಟ್‌ಗೂ ಅಲ್ಲ. ಅವರ ತಾಯಿ ಈಗ ತಾನೇ ನನಗೆ ಇದೇ ಮಾತು ಅಂದು ಹೋದ್ರು."

ಟ್ರೀನಾ ಕೊನೆಯ ಮಾತು ಕೇಳಲು ನಿಲ್ಲಲಿಲ್ಲ. ಕಾರಿನಲ್ಲಿ ಕೂತು ಅತ್ತಳು. ಗಂಡ ಬಿಟ್ಟುಹೋದಾಗ ಕೂಡ ಅವಳು ಹೀಗೆ ಅತ್ತಿರಲಿಲ್ಲ. ಅವನ ಹತ್ತಿರ ಅವಳು ಏನನ್ನೂ ನಿರೀಕ್ಷಿಸುವುದನ್ನು ಯಾವಾಗಲೋ ಬಿಟ್ಟಿದ್ದಳು. ಈ ತೂತು ಕಾಲುಚೀಲದ ಹೆಂಗಸಿನ ಹತ್ತಿರ ನಿರೀಕ್ಷಿಸಿದ್ದಳು.

ಟೆಸ್ಮರ್ ಕಿಟಕಿ ತಟ್ಟಿದ. ನಲವತ್ತರ ಒಳಗಿನ ಚುರುಕು ಮನುಷ್ಯ. "ಅಳ್ಬೇಡಿ. ಇನ್ನೂ ಮುಗಿದಿಲ್ಲ. ನ್ಯಾಯಾಧೀಶರು ಮಗುವನ್ನು ತಮ್ಮ ಕೋಣೆಗೆ ಕರೆಸ್ಕೊಂಡು ನೇರವಾಗಿ ಕೇಳಲಿ ಅಂತ ನಾವು ಬೇಡಿಕೆ ಇಡಬಹುದು. ಗುಡಿಸಲಿನ ಕಥೆ ಮಾರೆನ್ ಅಲ್ಲಿ ತನ್ನ ಬಾಯಿಂದ ಹೇಳಿದ್ಲೋ, ಆರ್ಡಿಸ್ ಕ್ವಾಮ್ ಹೇಳಿದ್ದೆಲ್ಲ ಬಿದ್ದುಹೋಗುತ್ತೆ."

"ಹೇಳ್ತಾಳೆ. ನನಗೆ ಹೇಳಿದಾಳಲ್ಲ."

"ಮುಂಚೆ ಒಂದ್ಸಲ ಕೂತು ಮಾತಾಡಿ ಅವಳ ಜೊತೆ. ಏನು ಹೇಳ್ಬೇಕು ಅಂತ ಹೇಳ್ಕೊಡಿ ಅಂತ ನಾನು ಹೇಳ್ತಿಲ್ಲ, ಗೊತ್ತಾಯ್ತಲ್ಲ? ಸುಮ್ನೆ ನೆನಪು ಮಾಡಿ."

ಆ ಶುಕ್ರವಾರ ಎಲ್‌ರಾಯ್ ಏನೂ ಅಣಕಿಸಲಿಲ್ಲ. ಮೀನಿನ ಒಂದು ಒಳ್ಳೆಯ ತುಂಡನ್ನು ಪಕ್ಕಕ್ಕೆ ತೆಗೆದಿಟ್ಟು, "ತಿನ್ನು, ಮುಖ ಒಣಗಿದೆ," ಎಂದ. ಅಣಕಿಸಿದ್ದರೇ ಚೆನ್ನಾಗಿತ್ತು ಎನ್ನಿಸಿತು ಟ್ರೀನಾಗೆ.

* * *

ಮುಂದಿನ ಸರದಿಯ ಭಾನುವಾರ ಐಸ್‌ಕ್ರೀಮ್ ಅಂಗಡಿಯ ಮುಂದೆ ಬಿಸಿಲು ಸುಡುತ್ತಿತ್ತು. ಟ್ರೀನಾ ಕಾರಿನ ಕಿಟಕಿಗಳನ್ನೆಲ್ಲ ಇಳಿಸಿದಳು. ಮಗಳಿಗೆ ಇಷ್ಟವಾದ ಚಾಕೊಲೇಟ್ ಕಸ್ಟರ್ಡ್, ಮೇಲೆ ಹುರಿದ ಬೀಜ ಹಾಕಿಸಿ ತಂದುಕೊಟ್ಟಳು.

"ಮಾರೆನ್, ಕೇಳು ಬಂಗಾರ. ನ್ಯಾಯಾಧೀಶರು ನಿನ್ನ ಹತ್ರ ಮಾತಾಡಬಹುದು. ಒಳ್ಳೆಯವರು, ಹೆದರ್ಕೋಬೇಡ. ಆ ಮೀನಿನ ಗುಡಿಸಲಿನ ವಿಷಯ ಕೇಳ್ತಾರೆ. ನನಗೆ ಹೇಳಿದ್ದೆಯಲ್ಲ, ಅದನ್ನೇ ಹೇಳಿದ್ರೆ ಆಯ್ತು."

ಮಾರೆನ್ ಚಮಚ ಕೆಳಗಿಟ್ಟಳು. "ಯಾವುದು?"

"ಯಾವುದು ಅಂದ್ರೆ?"

"ಮಂಜು ಬಿರುಕು ಬಿಟ್ಟಿದ್ದು ಹೇಳ್ಲಾ, ಅಥವಾ ಅಪ್ಪ ಬಿದ್ದಿದ್ದು ಹೇಳ್ಲಾ? ಎರಡೂ ಹೇಳಿದ್ದೆ ನಿಂಗೆ. ಯಾವುದು ಬೇಕು?"

ಟ್ರೀನಾ ಕುಳಿತಲ್ಲೇ ಮಗಳ ಕಡೆ ಪೂರ್ತಿ ತಿರುಗಿದಳು.

ಅಮ್ಮನಿಗೆ ಸಾಕಾಗಲಿಲ್ಲ ಎಂದು ಮಾರೆನ್ ತಿಳಿದಳು. ಕೆಲಸ ಒಪ್ಪಿಸಿದವರನ್ನು ಮೆಚ್ಚಿಸಬೇಕೆನ್ನುವ ಹುಡುಗಿಯ ಹಾಗೆ ಬೆನ್ನು ನೆಟ್ಟಗೆ ಮಾಡಿದಳು. "ಬೇಕಾದ್ರೆ ಇನ್ನೂ ಭಯ ಆಗೋ ಹಾಗೆ ಹೇಳ್ತೀನಿ ಅಮ್ಮ. ಈ ಸಲ ಅಳ್ತೀನಿ ಕೂಡ. ನಂಗೆ ಬರುತ್ತೆ."

ಪಕ್ಕದ ಕಾರಿನಲ್ಲಿ ಯಾರೋ ಜೋರಾಗಿ ನಕ್ಕರು. ಟ್ರೀನಾ ಸ್ಟೀರಿಂಗನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು, ಕಾರು ನಿಂತೇ ಇದ್ದರೂ.

"ಅದು... ಅದು ಯಾವುದೂ ಆಗ್ಲೇ ಇಲ್ವಾ, ಮಾರೆನ್?"

ಹುಡುಗಿ ಅಮ್ಮನ ಮುಖದಲ್ಲಿ ಸರಿಯಾದ ಉತ್ತರವನ್ನು ಹುಡುಕುತ್ತಿದ್ದಳು. ಅಲ್ಲಿ ಸಿಗಲಿಲ್ಲ. ಸಿಗದೆ ಅವಳಿಗೆ ದಿಗಿಲಾಯಿತು. "ನಾವು ಮೀನು ಹಿಡಿದ್ವಿ," ಎಂದಳು ಸಣ್ಣಗೆ. "ಅಪ್ಪ ಹಾಡು ಹೇಳ್ತಿದ್ದ. ಅದನ್ನ ಹೇಳೋಕೆ ಹೋದೆ ನಾನು ಅವತ್ತು. ನೀನು ಸುಮ್ಮನಾಗ್ಬಿಟ್ಟೆ. ಆಮೇಲೆ ಭಯ ಆಯ್ತು ಅಂದೆ, ಆಗ ನೀನು ನನ್ನ ಅಪ್ಕೊಂಡೆ."

ಟ್ರೀನಾಗೆ ಆ ಅಪ್ಪುಗೆ ನೆನಪಿತ್ತು. ಅದಕ್ಕಿಂತ ಹಿಂದಿನ ಸುಮ್ಮನಿರುವಿಕೆ ನೆನಪಿರಲಿಲ್ಲ.

"ಅಪ್ಪನೂ ಕೇಳ್ತಾನಾ ನಿನ್ನ?"

"ಇಲ್ಲ. ಅಜ್ಜಿ ಕೇಳ್ತಾರೆ. ನಿನ್ನ ಬಗ್ಗೆ."

"ಏನು ಹೇಳ್ತೀಯ?"

"ನೀನು ಬೆಳಗ್ಗೆ ಮಲಗೇ ಇರ್ತೀಯ ಅಂತ. ಊಟಕ್ಕೆ ಏನೂ ಮಾಡಲ್ಲ, ನಾನೇ ಡಬ್ಬಿ ತೆಗ್ದು ತಿಂತೀನಿ ಅಂತ. ಆಗ ಅವರು ತಲೆ ಸವರ್ತಾರೆ, ದುಡ್ಡು ಕೊಡ್ತಾರೆ."

ಟ್ರೀನಾಳ ಮೈಯೆಲ್ಲ ಬಿಸಿಯಾಯಿತು. ಶುಕ್ರವಾರ ನಡುರಾತ್ರಿಯವರೆಗೆ ಕಾಲು ಬೀಳುವ ಹಾಗೆ ನಿಂತು ದುಡಿದು, ಬೆಳಗ್ಗೆದ್ದು ಇವಳಿಗೆ ದೋಸೆಯಂಥ ಪ್ಯಾನ್‌ಕೇಕ್ ಹುಯ್ದು ಕೊಡುವವಳು ತಾನು! ನನ್ನ ಮಗಳೇ, ನನ್ನ ಹೊಟ್ಟೆಯಲ್ಲಿ ಹುಟ್ಟಿದವಳೇ, ಅಲ್ಲಿ ಹೋಗಿ ನನ್ನನ್ನು ಮಾರಿಬಂದಳೇ ಎಂದು ನಾಲಿಗೆಯ ತುದಿಗೆ ಬಂತು. ಅಲ್ಲೇ ನಿಂತಿತು. ಕರ್ಟ್‌ನ ತಲೆ ಕೋರ್ಟಿನಲ್ಲಿ ಏಕೆ ತಗ್ಗಿತ್ತು ಎಂದು ಈಗ ಗೊತ್ತಾಯಿತು. ಅವನ ಕಡೆಯ ಕಥೆಯನ್ನೂ ಆರ್ಡಿಸ್ ಅಲ್ಲೇ ಬಿಚ್ಚಿಟ್ಟಿದ್ದಳು. ತನಗೆ ಕೇಳಿಸಿರಲಿಲ್ಲ, ಅಷ್ಟೇ.

ಎರಡು ಮನೆ. ಎರಡು ಕಡೆಯೂ ಮುಖ ನೋಡಿ, ಎಲ್ಲಿ ಏನು ಬೇಕೋ ಅದನ್ನು ಕೊಟ್ಟು, ಒಂದಿಷ್ಟು ಅಪ್ಪುಗೆ ಸಂಪಾದಿಸಿಕೊಂಡು ಓಡಾಡುತ್ತಿರುವ ಒಂಬತ್ತು ವರ್ಷದ ಹುಡುಗಿ.

"ಆರ್ಡಿಸ್‌ಗೆ ನಿಜ ಹೇಳಿದ್ಯಲ್ಲ. ಅವಳಿಗೆ ಯಾಕೆ ಹೇಳಿದೆ?"

"ಅವಳು ಕೇಳ್ಲೇ ಇಲ್ಲ," ಎಂದಳು ಮಾರೆನ್. "ನಾವು ಬರೀ ಕಲ್ಲು ಎಸೀತಿದ್ವಿ."

* * *

ಜುಲೈನ ವಿಚಾರಣೆಗೆ ಮುಂಚೆ ಟ್ರೀನಾ ಟೆಸ್ಮರ್‌ಗೆ ಮಗುವನ್ನು ಕರೆಸುವುದು ಬೇಡ ಎಂದಳು.

"ಯೋಚನೆ ಮಾಡಿ. ಕರೆಸದಿದ್ರೆ ಅರ್ಧಕ್ಕರ್ಧ ದಿನ ಕೈಬಿಟ್ಟು ಹೋಗುತ್ತೆ. ವರ್ಷದಲ್ಲಿ ಅರ್ಧ! ಶಾಲೆ ದಿನಗಳೂ ಸೇರಿ."

"ಗೊತ್ತು."

"ಆ ಹೆಂಗಸು ನಿಮಗೆ ಮೋಸ ಮಾಡಿದಾಳೆ ಅಂತ ನೀವೇ ಅಂದ್ರಿ."

"ಮಾಡಿದಾಳೆ. ಈಗ್ಲೂ ಅಂತೀನಿ. ಆದ್ರೆ ಅವಳು ಹೇಳಿದ್ದು ಸುಳ್ಳಲ್ಲ."

ಟೆಸ್ಮರ್ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡ. ಅವನ ಕೆಲಸಕ್ಕೆ ಇದು ಒಗ್ಗುವ ಮಾತಲ್ಲ. ಆದರೂ ಅವನೂ ಇಬ್ಬರು ಮಕ್ಕಳ ತಂದೆ. ಕಾಗದಗಳನ್ನು ಒಟ್ಟುಮಾಡಿ ಚೀಲಕ್ಕೆ ಹಾಕಿದ.

ಕೋರ್ಟಿನಲ್ಲಿ ವಕೀಲರೇ ಒಪ್ಪಿಗೆ ತಿಳಿಸಿದ್ದರೆ ಸಾಕಿತ್ತು. ಟ್ರೀನಾ ತಾನೇ ಎದ್ದಳು. ಮೇಜಿನ ಅಂಚನ್ನು ಬೆರಳಿನಿಂದ ಹಿಡಿದುಕೊಂಡಿದ್ದಳು.

"ಒಂದೇ ಮಾತಿದೆ. ಮೀನಿನ ಗುಡಿಸಲಲ್ಲಿ ಏನೂ ನಡೆದಿಲ್ಲ. ಕರ್ಟ್ ಅವಳನ್ನ ಬಿಟ್ಟು ಹೋಗಿಲ್ಲ. ಮಾರೆನ್ ಸುಳ್ಳು ಹೇಳಿದ್ಲು ಅಂತ ಎಲ್ಲೂ ಬರೀಬೇಡಿ ದಯವಿಟ್ಟು. ದೊಡ್ಡವಳಾದ ಮೇಲೆ ಅವಳು ಓದಬಹುದು. ಏನಾದ್ರೂ ಸಿಗೋವರೆಗೂ ನಾನು ಕೇಳ್ತಾನೇ ಇದ್ದೆ. ಹಾಗಂತ ಬರ್ಕೊಳ್ಳಿ."

ನ್ಯಾಯಾಧೀಶರು, "ಹಾಗೆಯೇ ಆಗಲಿ," ಎಂದರು. ಒಂದು ವಾರ ಇಲ್ಲಿ, ಒಂದು ವಾರ ಅಲ್ಲಿ, ಅದಲುಬದಲು ಭಾನುವಾರ.

ಹೊರಗೆ ಕರ್ಟ್ ಟೋಪಿಯನ್ನು ಕೈಯಲ್ಲಿ ತಿರುಗಿಸುತ್ತ ನಿಂತಿದ್ದ. "ಅಮ್ಮನಿಗೆ ಹೇಳಿದೀನಿ," ಎಂದ. "ಮಾರೆನ್‌ನ ಏನೂ ಕೇಳಬಾರದು ಅಂತ."

"ನಿಲ್ಲಿಸ್ತಾರಾ?"

"ನನ್ನಮ್ಮ ನಿಂಗೆ ಗೊತ್ತಿಲ್ವಾ?"

ಇಬ್ಬರಿಗೂ ನಗು ಬರುವುದರಲ್ಲಿತ್ತು, ಬರಲಿಲ್ಲ. "ಮತ್ತೆ ಮತ್ತೆ ಹೇಳ್ತಿರ್ತೀನಿ," ಎಂದು ಕರ್ಟ್ ಟೋಪಿ ಹಾಕಿಕೊಂಡ. ಎರಡು ಹೆಜ್ಜೆ ಹೋಗಿ ತಿರುಗಿ, "ಒಳಗೆ ನೀನು ಹೇಳಿದ್ದು..." ಎಂದು ಶುರುಮಾಡಿ, ಗದ್ದ ಎತ್ತಿ ನಡೆದ.

ಆರ್ಡಿಸ್ ದೂರದಲ್ಲಿ ಲಿಫ್ಟಿಗೆ ಕಾಯುತ್ತಿದ್ದಳು. ಟ್ರೀನಾ ಅವಳನ್ನು ನೋಡಿದಳು, ಮೆಟ್ಟಿಲಿಳಿದು ಹೋದಳು. ಆಮೇಲೊಂದು ಶುಕ್ರವಾರ ಆರ್ಡಿಸ್ ಗಂಡನ ಜೊತೆ ಮೀನು ತಿನ್ನಲು ಹೋಟೆಲಿಗೆ ಬಂದಾಗ ಟ್ರೀನಾಳೇ ಬಡಿಸಿದಳು. ಬ್ರೆಡ್ಡು ಇಟ್ಟಳು, ಕೋಸಿನ ಪಲ್ಯ ಇಟ್ಟಳು, ಇನ್ನೇನಾದರೂ ಬೇಕೇ ಎಂದು ಕೇಳಿದಳು. ಹೆಸರು ಹಿಡಿದು ಕರೆಯಲಿಲ್ಲ. "ಕ್ಷಮಿಸಿದ್ಯಾ?" ಎಂದು ಎಲ್‌ರಾಯ್ ಒಳಗಿನಿಂದ ಕೇಳಿದ. "ಇಲ್ಲ," ಎಂದಳು. "ಮೀನು ಬಿಸಿಯಾಗಿದೆಯಲ್ಲ, ಅಷ್ಟು ಸಾಕು ಅವಳಿಗೆ."

ಹೊಸ ಏರ್ಪಾಡಿನ ಮೊದಲ ವಾರ ಮಾರೆನ್ ತಂದೆಯ ಮನೆಯಲ್ಲಿ ಕಳೆದಳು. ಆ ಏಳು ದಿನ ಟ್ರೀನಾ ಹೇಗೆ ಕಳೆದಳೋ ಅವಳಿಗೇ ಗೊತ್ತು. ಭಾನುವಾರ ಪೆಟ್ರೋಲ್ ಬಂಕಿನ ಹತ್ತಿರ ಮಗಳು ಕಾರು ಹತ್ತಿದಳು. ಬೆಲ್ಟ್ ಹಾಕಿಕೊಂಡಳು. ಟ್ರೀನಾ ಕಾರನ್ನು ಹೆದ್ದಾರಿಗೆ ತಿರುಗಿಸಿದಳು. ಐಸ್‌ಕ್ರೀಮ್ ಅಂಗಡಿ ಬಂತು, ಹಿಂದೆ ಹೋಯಿತು.

ಮಾರೆನ್ ಕತ್ತು ಹೊರಳಿಸಿ ಅಂಗಡಿಯನ್ನು ನೋಡಿದಳು, ಅಮ್ಮನನ್ನು ನೋಡಿದಳು. "ಕೋಪ ಬಂದಿದ್ಯಾ?"

"ಇಲ್ಲ ಬಂಗಾರ."

ಸ್ವಲ್ಪ ದೂರ ಹೋದ ಮೇಲೆ ಹುಡುಗಿಯೇ ಶುರುಮಾಡಿದಳು. "ಅಪ್ಪ ನನ್ನ ಬೈದ." ಹೇಳಿ ಓರೆಗಣ್ಣಿನಲ್ಲಿ ಕಾದಳು.

ಯಾಕೆ, ಯಾವಾಗ, ಏನಂತ ಎಂದು ಮೂರು ಪ್ರಶ್ನೆ ಒಟ್ಟಿಗೇ ಟ್ರೀನಾಳ ಗಂಟಲಿಗೆ ಬಂದವು. ಅವಳು ರಸ್ತೆಯಿಂದ ಕಣ್ಣು ತೆಗೆಯಲಿಲ್ಲ. "ಹೂಂ," ಎಂದಳು. "ಅಲ್ಲಿಯದು ನೀನು ಹೇಳ್ಬೇಕು ಅಂತಿಲ್ಲ, ಮಾರೆನ್. ಹೇಳಿದ್ರೂ ಸರಿ, ಹೇಳದಿದ್ರೂ ಸರಿ. ಅಲ್ಲಿ ನಿಂಗೆ ಖುಷಿ ಆದ್ರೂ ನನಗೇನೂ ಬೇಜಾರಿಲ್ಲ."

ಕೊನೆಯ ಮಾತು ಪೂರ್ತಿ ನಿಜವಲ್ಲ. ಹುಡುಗಿಗೂ ಅದು ಗೊತ್ತಾಗಿರಬೇಕು. ಬಹಳ ಹೊತ್ತು ಅಮ್ಮನ ಕೆನ್ನೆಯನ್ನೇ ನೋಡಿದಳು. ಜೋಳದ ಹೊಲಗಳು ಸರಿದವು, ಚರ್ಚು ಸರಿಯಿತು.

"ಬೈಲಿಲ್ಲ," ಎಂದಳು ಆಮೇಲೆ.

"ಹೂಂ."

ಊರು ಹತ್ತಿರವಾಗುವ ಹೊತ್ತಿಗೆ ಪಕ್ಕದಿಂದ ಏನೋ ಸಣ್ಣ ಸದ್ದು ಬಂದು ಟ್ರೀನಾ ತಿರುಗಿ ನೋಡಿದಳು. ಮಾರೆನ್ ತಲೆ ಕಿಟಕಿಗೆ ವಾಲಿತ್ತು. ಬಾಯಿ ಅರ್ಧ ತೆರೆದಿತ್ತು. ಎರಡು ವರ್ಷದಿಂದ ಈ ದಾರಿಯಲ್ಲಿ ಓಡಾಡಿದ್ದಾರೆ, ಈ ಹುಡುಗಿ ಒಂದು ಸಲವೂ ಕಾರಿನಲ್ಲಿ ನಿದ್ದೆ ಹೋಗಿರಲಿಲ್ಲ. ಹೇಗೆ ಹೋಗಿಯಾಳು? ಏನು ಹೇಳಬೇಕೆಂದು ದಾರಿಯುದ್ದಕ್ಕೂ ಹೊಂದಿಸಿಕೊಳ್ಳುತ್ತ ಕೂರಬೇಕಿತ್ತಲ್ಲ.

ಮನೆಯ ತಿರುವು ಬಂತು. ಟ್ರೀನಾ ತಿರುಗಿಸಲಿಲ್ಲ. ವೇಗ ಇಳಿಸಿ, ಗುಂಡಿಗಳನ್ನು ತಪ್ಪಿಸುತ್ತ, ಕೆರೆಯನ್ನು ಸುತ್ತುವ ಉದ್ದನೆಯ ರಸ್ತೆ ಹಿಡಿದಳು.